ಕುದುರೆ ಬಿತ್ತು, ಈಡು ಹಾರಲಿಲ್ಲ: ಕರಾವಳಿಯ ತೋಟದ ಕೋವಿಗೆ ದೋಷ ನಿವಾರಣೆ

ಚುನಾವಣೆಗೆಂದು ಠಾಣೆಗೆ ಒಪ್ಪಿಸಿದ ಕೋವಿ ಮನೆಗೆ ಮರಳುವ ಕಾಲವೇ ಅದರ ಕಾಯಿಲೆಯ ಕಾಲ. 2024ರದ್ದೇ ಲೆಕ್ಕ ಹಾಕಿ. ಮಾರ್ಚ್ 16ಕ್ಕೆ ಘೋಷಣೆ, ಏಪ್ರಿಲ್ 26ಕ್ಕೆ ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡೂ ಜಿಲ್ಲೆಗಳ ಮತದಾನ, ಜೂನ್ 4ಕ್ಕೆ ಎಣಿಕೆ. ಸೆಕೆಯ ದಿನಗಳನ್ನೆಲ್ಲ ಯಾರೂ ಮುಟ್ಟದೆ ಮೂಲೆಯಲ್ಲಿ ನಿಂತು ಕಳೆದ ಕೋವಿ, ಮಳೆಯ ಜೊತೆಗೇ ಮನೆಯ ಮೆಟ್ಟಿಲು ಹತ್ತಿತು. ಆ ವಾರ ಕಾರ್ಕಳದ ಕಡೆಯ ನಮ್ಮೂರಿನಲ್ಲಿ ಇಬ್ಬರು ಬಂದು ಕೇಳಿದ್ದು ಒಂದೇ ಮಾತು: "ಎಂತ ಮಾರಾಯ್ರೆ, ಕುದುರೆ ಬೀಳ್ತದೆ, ಈಡು ಹಾರುದಿಲ್ಲ. ಸ್ಪ್ರಿಂಗ್ ಹೋಯ್ತಾ?"

ಕುದುರೆ ಎಂದರೆ ಟ್ರಿಗರ್ ಎಳೆದಾಗ ಬಡಿಯುವ ಕೋವಿಯ ಸುತ್ತಿಗೆ, ಈಡು ಎಂದರೆ ಗುಂಡಿನ ಹೊಡೆತ. ಸ್ಪ್ರಿಂಗ್ ಹೋಗಿರಲಿಲ್ಲ. ಒಬ್ಬರದ್ದು ತೋಟೆಗೆ, ಅಂದರೆ ಕಾರ್ಟ್ರಿಜ್‌ಗೆ, ಥಂಡಿ ಹಿಡಿದದ್ದು. ಇನ್ನೊಬ್ಬರದ್ದು ಹಳೆಯ ಎಣ್ಣೆ ಅಂಟಾಗಿ ಕುದುರೆಯ ಕಾಲು ಕಟ್ಟಿದ್ದು. ನಾನು ಇಷ್ಟು ವರ್ಷ ನೋಡಿದ ಪ್ರಕಾರ ನಮ್ಮ ಸೀಮೆಯ ಕೋವಿಗೆ ತೊಂದರೆ ಬರುವುದು ಕಬ್ಬಿಣದಿಂದ ಕಡಿಮೆ, ನೀರಿನಿಂದ ಜಾಸ್ತಿ. ಹಾಗಾಗಿ ಮೊದಲು ತೋಟೆ ನೋಡಬೇಕು, ಆಮೇಲೆ ಎಣ್ಣೆ, ಕಡೆಗೆ ಸ್ಪ್ರಿಂಗು ಪಿನ್ನು. ಜನ ಮಾಡುವುದು ತಲೆಕೆಳಗೆ: ಮೊದಲೇ ಸ್ಕ್ರೂಡ್ರೈವರ್ ಹಿಡಿದು ಕೂರುತ್ತಾರೆ, ಸ್ಕ್ರೂವಿನ ತಲೆ ಹಾಳುಮಾಡಿ ಎದ್ದು ಬರುತ್ತಾರೆ.

ಇಲ್ಲಿ ಬರೆದದ್ದು ಮುಖ್ಯವಾಗಿ 12 ಬೋರಿನ ಒಂಟಿ ನಳಿಕೆ ಮತ್ತು ಜೋಡು ನಳಿಕೆ ಕೋವಿಯ ಬಗ್ಗೆ. ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ ನಮ್ಮ ಕಡೆ ಹೆಚ್ಚಾಗಿ ಇರುವುದು ಅದೇ. ಷಿಕಾರಿಯ ಮಾತು ಇಲ್ಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಮುಗಿದ ಅಧ್ಯಾಯ. ಹಂದಿ ಬೆಳೆ ಹಾಳುಮಾಡಿದರೂ ಕೊಲ್ಲುವುದಕ್ಕೆ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಅನುಮತಿ ಬೇಕು. ನವಿಲಿನ ಹೆಸರೇ ಎತ್ತಬೇಡಿ. ತೋಟದ ಕೋವಿಯ ಕೆಲಸ ಮುಕ್ಕಾಲು ಪಾಲು ಸದ್ದು ಮಾಡುವುದು. ಆ ಸದ್ದೇ ಹೊರಡದಿದ್ದರೆ ಎಂತ ಮಾಡಬೇಕು ಎಂಬುದಷ್ಟೇ ಈ ಬರಹ.

ಈಡು ಹಾರದ ಕ್ಷಣದಲ್ಲಿ

ಕುದುರೆ ಬಿದ್ದು ಸದ್ದು ಬಾರದಿದ್ದರೆ ಕೈ ತನ್ನಷ್ಟಕ್ಕೇ ಕೋವಿ ಮುರಿದು, ಅಂದರೆ ನಳಿಕೆಯನ್ನು ಕೀಲಿನಲ್ಲಿ ಬಗ್ಗಿಸಿ ತೆರೆದು, ನೋಡಲು ಹೋಗುತ್ತದೆ. ತಡೆಯಿರಿ. ಥಂಡಿ ಹಿಡಿದ ತೋಟೆ ಕೆಲವೊಮ್ಮೆ ಯೋಚನೆ ಮಾಡಿ ಹಾರುತ್ತದೆ. ಕಿಡಿ ಕೊಡುವ ಕೇಪು ಹೊತ್ತಿಕೊಂಡರೂ ಮದ್ದಿಗೆ ಕಿಡಿ ತಲುಪಲು ಒಂದೆರಡು ಸೆಕೆಂಡು ತಡವಾಗುವುದುಂಟು. ನಳಿಕೆಯ ಬಾಯಿ ಮನುಷ್ಯರು, ದನ, ಮನೆ ಇಲ್ಲದ ಕಡೆಗೇ ಇರಲಿ. ಕನಿಷ್ಠ 30 ಸೆಕೆಂಡು ಎನ್ನುತ್ತಾರೆ, ನಾನು ಅರುವತ್ತು ಎಣಿಸುತ್ತೇನೆ. ಕೇಪಿನ ಕೋವಿ, ಅಂದರೆ ಬಾಯಿಯಿಂದ ಮದ್ದು ತುಂಬುವಂಥದ್ದಾದರೆ ಎರಡು ನಿಮಿಷ. ಆಮೇಲೆ ಮುಖವನ್ನು ಬದಿಗಿಟ್ಟುಕೊಂಡು ಕೋವಿ ಮುರಿಯಿರಿ, ತೋಟೆ ತೆಗೆಯಿರಿ. ಅದೇ ತೋಟೆಯನ್ನು ತಿರುಗಿಸಿ ಮತ್ತೆ ಹಾಕಿ ನೋಡುವ ಚಾಳಿ ಹಲವರಿಗೆ ಉಂಟು. ಬೇಡ. ಅದು ಈಗ ಸಾಕ್ಷಿ, ಅದನ್ನು ಓದಬೇಕು.

ಕೇಪಿನ ಗುಳಿ ಓದುವುದು

ತೋಟೆಯ ಹಿತ್ತಾಳೆ ತಳದ ನಡುವೆ ಕೇಪು ಇದೆ. ಪಿನ್ನು ಹೊಡೆದಾಗ ಅದರ ಮೇಲೆ ಗುಳಿ ಬೀಳುತ್ತದೆ. ದೋಷದ ಅರ್ಧ ಜಾತಕ ಆ ಗುಳಿಯಲ್ಲೇ ಇರುತ್ತದೆ. ಕಿಟಕಿಯ ಬೆಳಕು ಅಡ್ಡಲಾಗಿ ಬೀಳುವಂತೆ ಹಿಡಿದು ಮೊಬೈಲಿನಲ್ಲಿ ಹತ್ತಿರದಿಂದ ಒಂದು ಫೋಟೊ ತೆಗೆಯಿರಿ. ಮೇಲಿನಿಂದ ಬಿದ್ದ ಬೆಳಕಿನಲ್ಲಿ ಗುಳಿಯ ಆಳ ತಿಳಿಯುವುದಿಲ್ಲ. ಕೋವಿ ಚೆನ್ನಾಗಿದ್ದ ಕಾಲದಲ್ಲೇ ಸರಿಯಾಗಿ ಹಾರಿದ ತೋಟೆಯೊಂದರ ಫೋಟೊ ಹೀಗೆ ತೆಗೆದಿಟ್ಟುಕೊಂಡಿದ್ದರೆ ಹೋಲಿಸಲು ಸುಲಭ. ನನ್ನ ಫೋನಿನಲ್ಲಿ ಮೊಮ್ಮಗಳ ಫೋಟೊಗಳ ನಡುವೆ ಇಂಥ ಹಿತ್ತಾಳೆಯ ಮುಖಗಳು ಹತ್ತಿಪ್ಪತ್ತು ಇವೆ.

ಗುಳಿ ಆಳವಾಗಿ, ನಡುಮಧ್ಯೆ, ದುಂಡಗೆ ಬಿದ್ದಿದೆ, ಆದರೂ ಹಾರಲಿಲ್ಲ ಎಂದರೆ ಕೋವಿಯದ್ದು ತಪ್ಪಿಲ್ಲ. ತೋಟೆಯೇ ಸತ್ತಿದೆ. ಬೇರೆ ಪೆಟ್ಟಿಗೆಯ ಹೊಸ ತೋಟೆ ಹಾಕಿದರೆ ಉತ್ತರ ಸಿಗುತ್ತದೆ. ಪರೀಕ್ಷೆಗೆ ಹೊಡೆಯುವುದಾದರೆ ಮಣ್ಣಿನ ದರೆಗೆ, ಸುತ್ತಮುತ್ತ ಯಾರೂ ಇಲ್ಲದಾಗ. ಮುರಕಲ್ಲಿನ ಗೋಡೆಗೆ ಬೇಡ, ಚಿಲ್ಲು, ಅಂದರೆ ತೋಟೆಯೊಳಗಿನ ಸಣ್ಣ ಗುಂಡುಗಳು, ತಿರುಗಿ ಬರುತ್ತದೆ.

ಗುಳಿ ತೆಳ್ಳಗೆ, ಉಗುರಿನಲ್ಲಿ ಗೀರಿದಷ್ಟೇ ಇದ್ದರೆ ಪೆಟ್ಟಿಗೆ ಬಲ ಸಾಲಲಿಲ್ಲ. ಇಲ್ಲಿಯೇ ಜನ ಸ್ಪ್ರಿಂಗ್ ಎಂದು ತೀರ್ಮಾನ ಕೊಟ್ಟುಬಿಡುವುದು. ಸ್ವಲ್ಪ ತಾಳಿ, ಎಣ್ಣೆಯ ಕತೆ ಮುಂದೆ ಬರುತ್ತದೆ.

ಗುಳಿ ಒಂದು ಬದಿಗೆ ಸರಿದಿದ್ದರೆ ಕೀಲು ಸವೆದಿದೆ ಅಥವಾ ಪಿನ್ನಿನ ತೂತು ಅಗಲವಾಗಿದೆ. ಇದು ಮನೆಯಲ್ಲಿ ಸರಿಮಾಡುವ ಕೆಲಸವಲ್ಲ. ಗುಳಿಯೇ ಇಲ್ಲದಿದ್ದರೆ ಪಿನ್ನಿನ ತುದಿ ಮುರಿದಿರಬಹುದು, ಇಲ್ಲವೇ ಕೋವಿ ಪೂರ್ತಿ ಮುಚ್ಚಿಕೊಂಡಿರಲಿಕ್ಕಿಲ್ಲ. ಎರಡನೆಯದನ್ನು ಮೊದಲು ನೋಡಿ: ನಳಿಕೆ ಕೂರುವ ಜಾಗದಲ್ಲಿ ಒಂದು ಅಡಿಕೆ ಸಿಪ್ಪೆಯ ನಾರು ಸಿಕ್ಕಿಕೊಂಡಿದ್ದರೂ ಸಾಕು, ಕೋವಿ ತೆರೆಯುವ ಮೇಲಿನ ಕೀಲಿ ಪೂರ್ತಿ ಮಧ್ಯಕ್ಕೆ ಬರುವುದಿಲ್ಲ.

ಜೋಡು ನಳಿಕೆಯವರಿಗೆ ಒಂದು ಅನುಕೂಲ ಉಂಟು. ಎಡದ ಗುಳಿಯನ್ನು ಬಲದ ಗುಳಿಯ ಪಕ್ಕ ಇಟ್ಟು ನೋಡಬಹುದು. ಒಂದು ಆಳ, ಒಂದು ತೆಳ್ಳಗೆ ಎಂದಾದರೆ ತೋಟೆಯ ಮೇಲಿನ ಅನುಮಾನ ಬಿಡಬಹುದು. ಆದರೆ ಒಂದು ಟ್ರಿಗರ್ ಎಳೆದಾಗ ಎರಡೂ ಒಟ್ಟಿಗೆ ಹಾರಿದವು ಅಂತಾದರೆ ಆ ಕೋವಿಯನ್ನು ಅಲ್ಲಿಗೇ ಕೆಳಗಿಡಿ.

ಬೆಳಿಗ್ಗೆ ಹಾರದ, ಮಧ್ಯಾಹ್ನ ಹಾರುವ ಕೋವಿ

ಒಂದು ಡಿಸೆಂಬರಿನಲ್ಲಿ ಪಕ್ಕದ ತೋಟದ ಹಿರಿಯರು ಬಂದರು. ಬೆಳಗಿನ ಜಾವ ಐದೂವರೆಗೆ ಹಂದಿ ಓಡಿಸಲು ಹೋದರೆ ಎರಡು ದಿನವೂ ಈಡು ಹಾರಲಿಲ್ಲ. ಗುಳಿ ನೋಡಿದರೆ ಎರಡೂ ತೆಳ್ಳಗೆ. ಮಧ್ಯಾಹ್ನ ನಮ್ಮ ಚಾವಡಿಯಲ್ಲಿ ನಳಿಕೆ ಖಾಲಿ ಎಂದು ನೋಡಿಕೊಂಡು ಮದ್ದಿಲ್ಲದ ಡಮ್ಮಿ ತೋಟೆ ಹಾಕಿ ಕುದುರೆ ಬಿಟ್ಟೆ. ಠಕ್ ಎಂದು ಚೊಕ್ಕ ಸದ್ದು. ಏನೂ ದೋಷ ಇಲ್ಲ. "ನಿಮ್ಮ ಕೈಗೆ ಬಂದ ಕೂಡಲೇ ಸರಿಯಾಗ್ತದಲ್ಲ, ಇದಕ್ಕೂ ದಾಕ್ಷಿಣ್ಯ ಉಂಟಾ?" ಎಂದರು ಅವರು.

ಮಾರನೆ ದಿನ ಕಾಫಿಗೂ ಮೊದಲು ಅವರಲ್ಲಿಗೆ ಹೋದೆ. ಅದೇ ಡಮ್ಮಿ, ಅದೇ ಕುದುರೆ. ಈ ಸಲ ಸದ್ದು ಠಕ್ ಎಂದಲ್ಲ, ಒದ್ದೆ ಬಟ್ಟೆ ಬಿದ್ದ ಹಾಗೆ ದೊಪ್ಪ ಎಂದು. ಕೈ ತೊಳೆಯಲು ಬಚ್ಚಲಿಗೆ ಹೋದಾಗ ಕಿಟಕಿಯ ದಂಡೆಯ ಮೇಲೆ ತೆಂಗಿನೆಣ್ಣೆಯ ಬಾಟಲಿ ಕಂಡಿತು. ಒಳಗೆ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ನಿಂತಿತ್ತು.

ಅವರು ಕೋವಿಯ ಒಳಗಿನ ಲಾಕಿಗೆ, ಅಂದರೆ ಕುದುರೆ, ಸ್ಪ್ರಿಂಗು ಇರುವ ಭಾಗಕ್ಕೆ, ವರ್ಷಾನುಗಟ್ಟಲೆ ಬಿಟ್ಟದ್ದು ತೆಂಗಿನೆಣ್ಣೆಯೇ. ಅದು 24 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿದರೆ ಹೆಪ್ಪುಗಟ್ಟುತ್ತದೆ. ಮಲ್ಪೆಯಲ್ಲಿ ಸಮುದ್ರದ ಬದಿಯ ಮನೆಯಲ್ಲಿ ಇದು ಅಷ್ಟಾಗಿ ಗೊತ್ತಾಗಲಿಕ್ಕಿಲ್ಲ, ಘಟ್ಟದ ಬುಡದಲ್ಲಿ ಡಿಸೆಂಬರ್ ಜನವರಿಯ ಬೆಳಗ್ಗೆ ಖಂಡಿತ ಗೊತ್ತಾಗುತ್ತದೆ. ಕುದುರೆಗೆ ಬೆಣ್ಣೆಯೊಳಗೆ ಓಡುವ ಶಿಕ್ಷೆ. ಬಿಸಿಲೇರಿದ ಮೇಲೆ ಎಣ್ಣೆ ಕರಗಿ ಕೋವಿ ಮತ್ತೆ ಜಾಣ. ಅದೂ ಅಲ್ಲದೆ ತಿನ್ನುವ ಎಣ್ಣೆಗಳೆಲ್ಲ ದಿನ ಕಳೆದಂತೆ ಕಮಟುತ್ತವೆ, ಹುಳಿಯಾಗುತ್ತವೆ, ಧೂಳು ಹಿಡಿದು ಮೇಣವಾಗುತ್ತವೆ.

ಪರಿಹಾರಕ್ಕೆ ದೊಡ್ಡ ಖರ್ಚಿಲ್ಲ. ಹಿಂದಿನ ಎಣ್ಣೆಯನ್ನು ಸೀಮೆಎಣ್ಣೆ ಅಥವಾ ಟರ್ಪಂಟೈನಿನಲ್ಲಿ ಅದ್ದಿದ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಪೂರ್ತಿ ಒರೆಸಿ, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ. ಎರಡು ಹನಿ ಹಾಕಿದರೆ ಎರಡು ಪಟ್ಟು ಒಳ್ಳೆಯದಾಗುವುದಿಲ್ಲ. ಹೆಚ್ಚಿನ ಎಣ್ಣೆ ಪಿನ್ನಿನ ತೂತಿನಿಂದ ಇಳಿದು ಕೇಪಿಗೆ ಸೇರಿ ಅದನ್ನೇ ಕೊಲ್ಲುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯನ್ನು ಲಾಕಿನ ಒಳಗೆ ಹೊಡೆದು ಕೈಬಿಡುವವರಿಗೂ ಇದೇ ಮಾತು. ಅದು ತೊಳೆಯಲು ಸರಿ, ಎಣ್ಣೆಯ ಕೆಲಸಕ್ಕೆ ಸಾಲದು.

ಇಷ್ಟೆಲ್ಲ ಮಾಡಿದ ಮೇಲೂ ಹೊಸ ತೋಟೆಯ ಮೇಲೆ ಗುಳಿ ತೆಳ್ಳಗೇ ಬಿದ್ದರೆ ಆಗ ಸ್ಪ್ರಿಂಗು, ಪಿನ್ನು. ಪಿನ್ನು ಉಜ್ಜುವುದು, ಸ್ಪ್ರಿಂಗು ಎಳೆದು ಉದ್ದ ಮಾಡುವುದು, ಟ್ರಿಗರಿನ ಹಲ್ಲು ಅರ ಹಾಕುವುದು, ಈ ಮೂರೂ ಮನೆಯಲ್ಲಿ ಮಾಡತಕ್ಕದ್ದಲ್ಲ. ಅರ ಹಾಕಿದ ಹಲ್ಲಿನ ಕೋವಿ ನೆಲಕ್ಕೆ ಕುಟ್ಟಿದರೂ ಹಾರಬಹುದು. ಲೈಸೆನ್ಸ್ ಇರುವ ರಿಪೇರಿಯವರಲ್ಲಿಗೆ ಕೋವಿಯ ಜೊತೆ ನಿಮ್ಮ ಲೈಸೆನ್ಸ್ ಪುಸ್ತಕವನ್ನೂ ಒಯ್ಯಿರಿ. ಗುಳಿಯ ಫೋಟೊ ತೋರಿಸಿದರೆ ಅವರ ಅರ್ಧ ಗಂಟೆ ಉಳಿಯುತ್ತದೆ.

ತೋಟೆಯ ಪರೀಕ್ಷೆ

ಹಲಸಿನ ಹಪ್ಪಳ ಎಲ್ಲಿ ಮೆತ್ತಗಾಗುತ್ತದೋ ಅಲ್ಲಿ ತೋಟೆಯೂ ಮೆತ್ತಗಾಗುತ್ತದೆ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿದು, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಗೋಡೆಯೇ ಬೆವರುತ್ತದೆ.

ಕಾಗದದ ಕೋಶದ ಹಳೆಯ ತೋಟೆ ಥಂಡಿಗೆ ಊದಿಕೊಂಡು ಗೂಡಿಗೆ, ಅಂದರೆ ನಳಿಕೆಯ ಬುಡದಲ್ಲಿ ತೋಟೆ ಕೂರುವ ಜಾಗಕ್ಕೆ, ಇಳಿಯುವುದಿಲ್ಲ. ಅರ್ಧಕ್ಕೆ ನಿಂತದ್ದನ್ನು ಹೆಬ್ಬೆರಳಲ್ಲಿ ಒತ್ತಿ ಕೋವಿ ಮುಚ್ಚುವುದು ಅಪಾಯ. ಪ್ಲಾಸ್ಟಿಕ್ ಕೋಶದ್ದು ಊದುವುದಿಲ್ಲ, ಹಾಗಂತ ಅದಕ್ಕೆ ನೀರು ತಾಗುವುದೇ ಇಲ್ಲ ಎಂದಲ್ಲ. ಮಡಚಿದ ಬಾಯಿಯಲ್ಲೂ ಕೇಪಿನ ಅಂಚಿನಲ್ಲೂ ತೇವ ಇಳಿಯುತ್ತದೆ. ತಳದ ಹಿತ್ತಾಳೆಗೆ ಹಸಿರು ಕಿಲುಬು ಬಂದಿದೆಯಾ ನೋಡಿ. ಬಟ್ಟೆಯಲ್ಲಿ ಒರೆಸಿದರೆ ಹೋಗುವ ಮಬ್ಬಾದರೆ ಚಿಂತೆಯಿಲ್ಲ. ಕೇಪಿನ ಸುತ್ತ ಹಸಿರು ಉಂಗುರ ಕಟ್ಟಿದ್ದರೆ, ಹಿತ್ತಾಳೆ ತಿಂದುಹೋಗಿದ್ದರೆ, ಬಾಯಿ ಬಿಚ್ಚಿಕೊಂಡಿದ್ದರೆ ಅದನ್ನು ಕೋವಿಗೆ ಹಾಕಬೇಡಿ.

ಥಂಡಿ ಹಿಡಿದ ತೋಟೆಯನ್ನು ಅಂಗಳದಲ್ಲಿ ಅಡಿಕೆಯ ಪಕ್ಕ ಒಣಗಲು ಹಾಕಿದವರನ್ನು ಕಂಡಿದ್ದೇನೆ. ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದವರೂ ಇದ್ದಾರೆ. ಸತ್ತ ಕೇಪು ಬಿಸಿಲಿಗೆ ಬದುಕುವುದಿಲ್ಲ, ಮದ್ದಿಗೆ ಬಿಸಿ ತಾಗಿದರೆ ಅದು ಇನ್ನಷ್ಟು ಕೆಡುತ್ತದೆ. ಒಲೆಯ ಮೇಲಿಟ್ಟರೆ ಆಗುವುದನ್ನು ಬರೆಯಬೇಕಿಲ್ಲ. ಕೆಟ್ಟವನ್ನು ಹೂಳುವುದು, ಬಾವಿಗೆ ಎಸೆಯುವುದು, ಸುಡುವುದು ಯಾವುದೂ ಬೇಡ. ಲೆಕ್ಕ ಸಮೇತ ಲೈಸೆನ್ಸ್ ಇರುವ ಮಾರಾಟಗಾರರಿಗೋ ಠಾಣೆಗೋ ಒಪ್ಪಿಸಿ.

ಇಡುವುದಾದರೆ ಹಪ್ಪಳದ ಹಾಗೆಯೇ: ಗಾಳಿಯಾಡದ ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ, ಬೀಗ ಹಾಕಿದ ಕಪಾಟು, ಕೋವಿಯಿಂದ ಬೇರೆ. ಡಬ್ಬಿಯ ಮೇಲೆ ಕೊಂಡ ತಿಂಗಳು ಬರೆದು, ಹಳೆಯದನ್ನು ಮೊದಲು ಖರ್ಚು ಮಾಡಿ.

ಇನ್ನು ಅಳತೆ. ಪುಣೆಯ ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ಇರಲಿ, ಬೇರೆ ಇರಲಿ, ಪೆಟ್ಟಿಗೆಯ ಮೇಲೆ 65 ಅಥವಾ 70 ಮಿ.ಮೀ. ಎಂದಿರುತ್ತದೆ. ಅದು ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ಉದ್ದ. ಹಾರುವ ಮೊದಲು ತೋಟೆ ಅದಕ್ಕಿಂತ ಗಿಡ್ಡ. ಮೋಸ ಇರುವುದು ಇಲ್ಲೇ. ಅಜ್ಜನ ಕಾಲದ ಕೋವಿಯ 65ರ ಗೂಡಿಗೆ 70ರ ತೋಟೆ ಸಲೀಸಾಗಿ ಇಳಿಯುತ್ತದೆ. ಹಾರಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಭುಜಕ್ಕೆ ಎಂದಿಗಿಂತ ಜೋರು ಒದೆ, ಕೋವಿ ಮುರಿಯಲು ಬಿಗಿ, ಕೇಪು ಚಪ್ಪಟೆ, ಈ ಮೂರು ಒಟ್ಟಿಗೆ ಕಂಡರೆ ಇದನ್ನೇ ಅನುಮಾನಿಸಿ. ನಳಿಕೆಯ ಬುಡದಲ್ಲಿ ಒತ್ತಿದ ಗುರುತಿನಲ್ಲಿ ಗೂಡಿನ ಉದ್ದ ಇರುತ್ತದೆ, ಓದಲಾಗದಿದ್ದರೆ ಅಳೆಸಿಕೊಳ್ಳಿ.

ಮನೆಯಲ್ಲಿ ಅಥವಾ ನೆಂಟರಲ್ಲಿ 20 ಬೋರಿನ, ಅಂದರೆ 12ಕ್ಕಿಂತ ಸಪೂರ ನಳಿಕೆಯ, ಕೋವಿ ಇದ್ದರೆ ಇನ್ನೂ ಹುಷಾರು. 20ರ ತೋಟೆ 12ರ ಗೂಡಿನೊಳಗೆ ಜಾರಿ ಮುಂದೆ ಹೋಗಿ ನಳಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಗೂಡು ಖಾಲಿ. ಅದರ ಹಿಂದೆ 12ರದ್ದು ಹಾಕಿ ಹೊಡೆದರೆ ನಳಿಕೆ ಸೀಳುತ್ತದೆ. 20ರ ಕೋಶ ಸಾಮಾನ್ಯವಾಗಿ ಹಳದಿ ಇರುವುದು ಈ ಗೊಂದಲ ಆಗದಿರಲಿ ಎಂದೇ.

ಸದ್ದು ಸಣ್ಣದಾದರೆ

ಈಡು ಹಾರಿತು, ಆದರೆ ಢಂ ಎನ್ನುವ ಬದಲು ಪುಸ್ ಎಂದಿತು. ಭುಜಕ್ಕೆ ಒದೆಯೇ ಇಲ್ಲ. ಹಾರದ ಈಡಿಗಿಂತ ಇದು ಕೆಟ್ಟದ್ದು. ಮದ್ದು ಒದ್ದೆಯಾಗಿ ಪೂರ್ತಿ ಉರಿಯದೆ, ಮದ್ದಿಗೂ ಚಿಲ್ಲಿಗೂ ನಡುವಿನ ಬಿರಡೆ ನಳಿಕೆಯ ಮಧ್ಯದಲ್ಲೇ ನಿಂತಿರಬಹುದು. ಗಡಿಬಿಡಿಯಲ್ಲಿ ಮುಂದಿನ ತೋಟೆ ಹಾಕಿ ಹೊಡೆದರೆ ನಳಿಕೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಕೋವಿ ಮುರಿದು, ತೋಟೆ ತೆಗೆದು, ಹಿಂಬದಿಯಿಂದ ಆಕಾಶ ನೋಡಿ. ದುಂಡು ಬೆಳಕು ಕಾಣದಿದ್ದರೆ ಅವತ್ತಿನ ಕೆಲಸ ಮುಗಿಯಿತು. ಬಿರಡೆಯನ್ನು ಗಜದಿಂದ, ಅಂದರೆ ನಳಿಕೆ ಶುಚಿ ಮಾಡುವ ಉದ್ದ ಕೋಲಿನಿಂದ, ಹೊರಗೆ ತಳ್ಳಬಹುದು. ಮತ್ತೊಂದು ಈಡಿನಿಂದ ತಳ್ಳುವ ಯೋಚನೆ ಮಾತ್ರ ಕನಸಿನಲ್ಲೂ ಬೇಡ.

ಆಕಾಶ ನೋಡುವ ಅಭ್ಯಾಸ ಪ್ರತಿ ಸಲ ತೋಟೆ ಹಾಕುವ ಮೊದಲೂ ಇರಲಿ. ಕುಂಬಾರ ಹುಳಕ್ಕೆ ಕೋವಿಯ ನಳಿಕೆಗಿಂತ ಒಳ್ಳೆಯ ಸೈಟು ಬೇರಿಲ್ಲ. ಹನ್ನೆರಡು ದಿನ ಮೂಲೆಯಲ್ಲಿ ನಿಂತಿದ್ದ ನನ್ನದೇ ಕೋವಿಯ ಬಾಯಿಯಿಂದ ಒಂದು ಗೇಣು ಕೆಳಗೆ ಅದು ಮಣ್ಣಿನ ಮನೆ ಕಟ್ಟಿತ್ತು. ಗಜ ಹಾಕಿದಾಗ ಕೆಂಪು ಮಣ್ಣಿನ ಪುಡಿಯ ಜೊತೆ ಮರಗಟ್ಟಿದ ಜೇಡಗಳು ಬಿದ್ದವು.

ಹಾರಿದ ತೋಟೆ ಹೊರಗೆ ಬಾರದಿದ್ದರೆ

ಗೂಡಿನಲ್ಲಿ ತುಕ್ಕು ಇಲ್ಲವೇ ಪ್ಲಾಸ್ಟಿಕ್ಕಿನ ಪದರ. ಹಿತ್ತಾಳೆ ಬ್ರಷ್ಷನ್ನು ಎಣ್ಣೆಯಲ್ಲಿ ಅದ್ದಿ ಗೂಡಿನೊಳಗೆ ತಿರುಗಿಸಿ; ಪಾತ್ರೆ ತಿಕ್ಕುವ ಸ್ಟೀಲ್ ನಾರು, ಮರಳು ಕಾಗದ ಬೇಡ. ಬ್ರಷ್ ಹಾಕಿದ ಮೇಲೂ ಹೊಸ ತೋಟೆಯೇ ಕಚ್ಚಿದರೆ ಹೊರದಬ್ಬುವ ಕೊಕ್ಕೆ ಸವೆದಿದೆ ಎಂದರ್ಥ. ಚೂರಿಯ ತುದಿಯಲ್ಲಿ ಕೆದಕಿ ತೆಗೆಯುವುದನ್ನು ಅಭ್ಯಾಸ ಮಾಡಿಕೊಳ್ಳಬೇಡಿ.

ತುಕ್ಕು, ಉಬ್ಬು, ಅಲುಗಾಟ

ನಳಿಕೆ ಬೇರ್ಪಡಿಸಿ ಟ್ಯೂಬ್‌ಲೈಟಿನ ಕಡೆಗೆ ಹಿಡಿದು ಒಳಗೆ ನೋಡಿ. ಬೆಳಕಿನ ಗೆರೆ ನೇರವಾಗಿ ಓಡಬೇಕು. ಎಲ್ಲಿಯಾದರೂ ಅದು ಬಳುಕಿ, ಅಡ್ಡಕ್ಕೆ ಕಪ್ಪು ಬಳೆಯಂತೆ ನೆರಳು ಕಂಡರೆ ಅಲ್ಲಿ ನಳಿಕೆ ಉಬ್ಬಿದೆ. ಹೊರಗಿನಿಂದ ಬೆರಳಾಡಿಸಿದರೂ ಗೊತ್ತಾಗುತ್ತದೆ. ಅಂಥದ್ದರಲ್ಲಿ ಮುಂದೆ ಹೊಡೆಯಬಾರದು. ಕಂದು ಧೂಳಿನಂಥ ತುಕ್ಕು ಎಣ್ಣೆ ಮತ್ತು ಬ್ರಷ್ಷಿಗೆ ಬಿಡುತ್ತದೆ. ಸಿಡುಬಿನ ಕಲೆಯಂತೆ ಗುಳಿ ಬಿದ್ದಿದ್ದರೆ ಎಷ್ಟು ಆಳ ಎಂದು ತಿಳಿದವರೇ ಹೇಳಬೇಕು.

ಅಲುಗಾಟ ನೋಡಲು ನಳಿಕೆಯ ಕೆಳಗಿನ ಹಿಡಿಮರ ತೆಗೆದು ಕೋವಿ ಮುಚ್ಚಿ, ಹಿಂದಿನ ಮರದಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಹಿಡಿಮರ ಇದ್ದಾಗ ಅದು ಸಡಿಲವನ್ನು ಮುಚ್ಚಿಹಾಕುತ್ತದೆ. ಕಟಕಟ ಎಂದರೆ ಕೀಲು ಸವೆದಿದೆ.

ಕೇಪಿನ ಕೋವಿಯ ಕರಿಮದ್ದಿನ ಮಸಿ ಗಾಳಿಯ ತೇವವನ್ನು ಹೀರುತ್ತದೆ, ಅದಕ್ಕೆ ಎಣ್ಣೆ ಹಚ್ಚಿ ಪ್ರಯೋಜನವಿಲ್ಲ. ಹೊಡೆದ ದಿನವೇ ಬಿಸಿನೀರಲ್ಲಿ ತೊಳೆದು, ಬಿಸಿಯಿರುವಾಗಲೇ ಒರೆಸಿ, ಆಮೇಲೆ ಎಣ್ಣೆ.

ರೈಫಲ್ಲಿನ ಬಗ್ಗೆ ಎರಡೇ ಮಾತು. ಇಶಾಪುರ ಕಾರ್ಖಾನೆಯ .315 ರೈಫಲ್ ಇರುವವರಿಗೆ ಗುರಿ ತಪ್ಪುತ್ತಿದ್ದರೆ ಮೊದಲು ಮರ ಮತ್ತು ನಳಿಕೆಯನ್ನು ಜೋಡಿಸುವ ಸ್ಕ್ರೂ ನೋಡಿ. ಮಳೆಗಾಲದಲ್ಲಿ ಮರ ಊದುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಸ್ಕ್ರೂ ಸಡಿಲ ಬೀಳುತ್ತದೆ. ಆದರೆ ತೋಟ ಕಾಯಲು ರೈಫಲ್ ಕೊಳ್ಳಲಾ ಎಂದು ಕೇಳಿದರೆ ನನ್ನ ಉತ್ತರ ಬೇಡ. ಆರನೇ ನಂಬ್ರದ ಚಿಲ್ಲು ಇನ್ನೂರು ಚಿಲ್ಲರೆ ಮೀಟರಿಗೆ ಬಿದ್ದುಹೋಗುತ್ತದೆ. ಎಸ್.ಜಿ. ಎಂಬ ದಪ್ಪ ಗುಂಡು ಆರುನೂರು ಮೀಟರಿಗೂ ಮಿಕ್ಕಿ ಹೋದೀತು. ರೈಫಲ್ಲಿನದ್ದು ಕಿಲೋಮೀಟರುಗಳ ಲೆಕ್ಕ. ಒಂದೊಂದು ತೋಟದ ನಡುವೆ ಒಂದೊಂದು ಮನೆ ಇರುವ ನಮ್ಮೂರಿನಲ್ಲಿ ಅಷ್ಟು ದೂರ ಖಾಲಿ ಜಾಗ ಯಾರಲ್ಲಿ ಉಂಟು?

ಇಡುವ ಜಾಗ, ಕಾಗದಪತ್ರ

ಫೋಮ್ ಹಾಕಿದ ಚೀಲ, ಚರ್ಮದ ಕವಚ ಒಯ್ಯಲಿಕ್ಕೆ ಮಾತ್ರ. ಅದರೊಳಗೆ ಕೋವಿ ಇಟ್ಟು ಮಳೆಗಾಲ ಕಳೆದರೆ ಚರ್ಮ ಹೀರಿದ ನೀರೆಲ್ಲ ನಳಿಕೆಗೆ ತಾಗುತ್ತದೆ. ಠಾಣೆಗೆ ಒಪ್ಪಿಸುವ ಹಿಂದಿನ ರಾತ್ರಿ ನಳಿಕೆಯ ಒಳಗೂ ಹೊರಗೂ ತೆಳ್ಳಗೆ ಗ್ರೀಸ್ ಸವರಿ, ಹತ್ತಿಯ ಬಟ್ಟೆ ಸುತ್ತಿ ಕೊಡಿ. ಮರಳಿ ಬಂದ ದಿನ ಮೊದಲ ಕೆಲಸ ಆ ಗ್ರೀಸನ್ನು ಪೂರ್ತಿ ಒರೆಸುವುದು. ಗ್ರೀಸಿನ ಮುದ್ದೆಯೂ ನಳಿಕೆಯಲ್ಲಿ ಅಡ್ಡಿಯೇ.

2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ನೆನಪು ಹಾರುವುದು ಅದಕ್ಕೇ. ಐದು ವರ್ಷದಲ್ಲಿ ಪುಸ್ತಕ ಎಲ್ಲಿಟ್ಟೆವೆಂಬುದೂ ಮರೆಯುತ್ತದೆ. ಹೆಬ್ರಿಯ ಸೋಮೇಶ್ವರ, ಕೊಲ್ಲೂರಿನ ಮೂಕಾಂಬಿಕಾ ಅಭಯಾರಣ್ಯಗಳಿಂದ ಹತ್ತು ಕಿಲೋಮೀಟರ್ ಒಳಗಿನವರ ಕೋವಿ ಅರಣ್ಯ ಇಲಾಖೆಯಲ್ಲೂ ನೋಂದಣಿಯಾಗಿರಬೇಕು.

ನವರಾತ್ರಿ ಕಳೆದ ವಾರ ನನ್ನಲ್ಲಿಗೆ ಬರುವ ಕೋವಿಗಳಲ್ಲಿ ಒಂದೇ ಥರದ ತುಕ್ಕು: ನಳಿಕೆಯ ಮೇಲೆ ಎರಡು ಮೂರು ದುಂಡು ಕಲೆ, ಬೆರಳ ತುದಿಯಷ್ಟೇ ಅಗಲ. ಆಯುಧ ಪೂಜೆಯ ದಿನ ಹಚ್ಚಿದ ಹಸಿ ಗಂಧ, ಅದರ ಮೇಲೆ ಕುಂಕುಮ. ಮಾಡಿದವರು ಭಕ್ತಿಯಿಂದಲೇ ಮಾಡಿದ್ದು. ಈಗ ನಮ್ಮ ಮನೆಯಲ್ಲಿ ಗಂಧ ಹಿಂದಿನ ಮರಕ್ಕೆ, ಹೂವು ಟ್ರಿಗರಿನ ಬಳೆಗೆ, ನಳಿಕೆಗೆ ಎಣ್ಣೆ ಬಟ್ಟೆ ಮಾತ್ರ.